ಪಟ್ಟಿ, ಗಿಡ, ತಕ್ಕಡಿ: ಜನ–ಕಾಡಿನ ನಂಟನ್ನು ಅಳೆಯುವ ಬಗೆ

ಜನರಿಗೂ ಸುತ್ತಲಿನ ಕಾಡಿಗೂ ಇರುವ ನಂಟನ್ನು ಅಧ್ಯಯನ ಮಾಡುವಾಗ ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ. ಮಾತಿನಿಂದ ಸಿಗುವ ಮಾಹಿತಿಯೂ ತೂಕದಿಂದ ಸಿಗುವ ಮಾಹಿತಿಯೂ ಒಂದೇ ಮನೆಗಳಿಂದ, ಒಂದೇ ಹಂಗಾಮಿನಲ್ಲಿ ಬರಬೇಕು. ಇಲ್ಲದಿದ್ದರೆ ಎರಡನ್ನೂ ಹೋಲಿಸಲು ಬರುವುದಿಲ್ಲ.

ಮೊದಲು ಪಟ್ಟಿ. ‘ಕಾಡಿನಿಂದ ಏನೇನು ತರುತ್ತೀರಿ?’ ಎಂದು ಒಬ್ಬೊಬ್ಬರನ್ನೇ ಕೇಳಿ, ಹೇಳಿದ ಕ್ರಮದಲ್ಲೇ ಬರೆದುಕೊಳ್ಳುತ್ತೇನೆ. 20–30 ಜನರಾಗುವಷ್ಟರಲ್ಲಿ ಹೊಸ ಹೆಸರು ಬರುವುದು ಸಾಮಾನ್ಯವಾಗಿ ತೀರಾ ಕಡಿಮೆಯಾಗುತ್ತದೆ. ಮೊದಲು ನೆನಪಾದ ಹೆಸರಿಗೆ ಹೆಚ್ಚು ಅಂಕ ಕೊಡುತ್ತೇನೆ: ಪಟ್ಟಿಯ ಉದ್ದದಿಂದ ಹೆಸರಿನ ಸ್ಥಾನ ಕಳೆದು, ಒಂದು ಕೂಡಿಸಿ, ಮತ್ತೆ ಉದ್ದದಿಂದಲೇ ಭಾಗಿಸಿದರೆ ಆ ಹೆಸರಿನ ಅಂಕ ಸಿಗುತ್ತದೆ. 20 ಹೆಸರಿನ ಪಟ್ಟಿಯಲ್ಲಿ ಮೊದಲನೆಯದಕ್ಕೆ 1, ಐದನೆಯದಕ್ಕೆ 0.8, ಕೊನೆಯದಕ್ಕೆ 0.05. ಆ ಹೆಸರು ಹೇಳದವರಿಗೆ ಸೊನ್ನೆ ಹಾಕಿ ಎಲ್ಲರ ಸರಾಸರಿ ತೆಗೆಯಬೇಕು. ಸೊನ್ನೆ ಕೈಬಿಟ್ಟರೆ ಒಬ್ಬ ನಾಟಿ ವೈದ್ಯನಿಗಷ್ಟೇ ಗೊತ್ತಿರುವ ಬೇರು ಊರಿಗೆಲ್ಲ ಬೇಕಾದ ಗಿಡದಂತೆ ಕಾಣುತ್ತದೆ. ಹೆಂಗಸರ, ಗಂಡಸರ ಲೆಕ್ಕ ಬೇರೆ ಬೇರೆ ಇಡುವುದು ಒಳ್ಳೆಯದು.

ಹೆಸರು ಸಿಕ್ಕಿತೆಂದರೆ ಗಿಡ ಸಿಕ್ಕಿತೆಂದಲ್ಲ. ಫಿಲಿಪ್ಪೀನ್ಸ್‌ನ ಹನುನೂ ಜನ 1,600ಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಬೇರ್ಪಡಿಸಿ ಹೆಸರಿಸುತ್ತಾರೆಂದು ಮಾನವಶಾಸ್ತ್ರಜ್ಞ ಹೆರಾಲ್ಡ್ ಕಾಂಕ್ಲಿನ್ 1950ರ ದಶಕದಲ್ಲಿ ದಾಖಲಿಸಿದರು. ಅಂಥ ಕೆಲಸ ಜಗಲಿಯಲ್ಲಿ ಕೂತು ಆಗುವಂಥದ್ದಲ್ಲ. ಗಿಡದ ಮುಂದೆಯೇ ನಿಂತು ಕೇಳಬೇಕು, ಅದೂ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕರೆದೊಯ್ದು. ಗುಂಪಿನಲ್ಲಿ ಹೋದರೆ ಹಿರಿಯರು ಹೇಳಿದ್ದಕ್ಕೇ ಉಳಿದವರೆಲ್ಲ ತಲೆಯಾಡಿಸುತ್ತಾರೆ. ಹೂವೋ ಕಾಯಿಯೋ ಇರುವ ಕೊಂಬೆಯನ್ನು ಒಂದೇ ಸಂಖ್ಯೆ ಕೊಟ್ಟು ಮೂರು ಪ್ರತಿಗಳಲ್ಲಿ ಕಾಗದದ ನಡುವೆ ಒತ್ತಿ ಒಣಗಿಸುತ್ತೇನೆ. ಹೂವಿನ ಬಣ್ಣ, ವಾಸನೆ, ತೊಗಟೆ ಗೀರಿದಾಗ ಒಸರುವ ಹಾಲು ಇವನ್ನು ಅಲ್ಲೇ ಬರೆದುಕೊಳ್ಳಬೇಕು, ಒಣಗಿದ ಮೇಲೆ ಇವು ಇರುವುದಿಲ್ಲ. ಮೊದಲ ಮೂರು-ನಾಲ್ಕು ದಿನ ಕಾಗದವನ್ನು ದಿನಾ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ನಿಜವಾದ ತಲೆನೋವು ಸೌದೆಯ ತೂಕ. ‘ದಿನಕ್ಕೆ ಎಷ್ಟು ಸೌದೆ ಬೇಕು?’ ಎಂದು ಕೇಳಿದರೆ ಬರುವುದು ಎಷ್ಟು ಬೇಕಾಗಬಹುದು ಎಂಬ ಅಂದಾಜು ಮಾತ್ರ. ಹಾಗಾಗಿ ಬೆಳಗ್ಗೆ ಒಟ್ಟಿಲು ತೂಗಿ, ನಡುವೆ ಹೊತ್ತು ತಂದದ್ದನ್ನು ಕೂಡಿಸಿ, 24 ಗಂಟೆಯ ಬಳಿಕ ಉಳಿದದ್ದನ್ನು ಕಳೆಯುತ್ತೇನೆ. ಅಂದು ಎಷ್ಟು ಜನ ಉಂಡರು, ದನಕ್ಕೆ ಬೇಯಿಸಿದ್ದುಂಟೋ, ಸ್ನಾನಕ್ಕೆ ನೀರು ಕಾಸಿದರೋ ಎಂಬುದನ್ನು ಅದೇ ಹಾಳೆಯಲ್ಲಿ ಬರೆಯುತ್ತೇನೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದಕ್ಕೇ ಹಸಿ ಮತ್ತು ಒಣ ಕಟ್ಟುಗಳನ್ನು ಬೇರೆ ತೂಗಬೇಕು. ಸ್ಪ್ರಿಂಗ್ ತಕ್ಕಡಿಯನ್ನು ದಿನಾ ಬೆಳಗ್ಗೆ 10 ಲೀಟರ್ ನೀರು ತೂಗಿ ಪರೀಕ್ಷಿಸುತ್ತೇನೆ. ಕ್ಯಾನಿನ ತೂಕ ಕಳೆದರೆ ಮುಳ್ಳು 10 ಕಿಲೋದಲ್ಲಿ ನಿಲ್ಲಬೇಕು. ಮೊದಲ ದಿನದ ಅಂಕಿ ಲೆಕ್ಕಕ್ಕಿಲ್ಲ: ತಕ್ಕಡಿ ಕಂಡ ಮನೆಯವರು ಒಲೆ ಉರಿಸುವ ರೀತಿಯೇ ಬದಲಾಗಿರುತ್ತದೆ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ತೂಗದೆ ವರ್ಷದ ಮೊತ್ತ ಹೇಳುವುದು ಬರೀ ಊಹೆ.

ತೂಕವನ್ನೇ ನೆಚ್ಚಿಕೊಂಡರೂ ಅಪಾಯವಿದೆ. ನ್ಯೂ ಗಿನಿ ದ್ವೀಪದ ತ್ಸೆಂಬಾಗಾ ಜನರ ಬೆಳೆಯನ್ನು 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ರಾಯ್ ರಾಪಪೋರ್ಟ್ ತೂಗಿ ಲೆಕ್ಕವಿಟ್ಟ ಶ್ರಮ ಇಂದಿಗೂ ಮಾದರಿ. ಆದರೆ ಎಲ್ಲವೂ ಕ್ಯಾಲೊರಿಯಲ್ಲಿ ಸರಿದೂಗುತ್ತದೆ ಎಂದು ಅವರು ಕೊಟ್ಟ ಚಿತ್ರದಲ್ಲಿ ಹೊರಗಿನ ಆಡಳಿತ, ಮಾರುಕಟ್ಟೆ ಕಾಣುವುದೇ ಇಲ್ಲ ಎಂಬ ಟೀಕೆಯೂ ಬಂತು, ನನಗೆ ಅದು ಸರಿಯೆನಿಸುತ್ತದೆ. ಜಾಗದ ಇತಿಹಾಸವನ್ನೂ ನೋಡಬೇಕು. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಕಿಸಿಡುಗು ಪ್ರದೇಶದಲ್ಲಿ ಊರು ಸುತ್ತುವರಿದ ಕಾಡಿನ ತುಂಡುಗಳನ್ನು ಅಳಿದ ಮಹಾಕಾಡಿನ ಅವಶೇಷವೆಂದೇ ಅಧಿಕಾರಿಗಳು ನಂಬಿದ್ದರು. ಸಂಶೋಧಕರಾದ ಜೇಮ್ಸ್ ಫೇರ್‌ಹೆಡ್, ಮೆಲಿಸ್ಸಾ ಲೀಚ್ ಹಳೆಯ ವಿಮಾನ ಛಾಯಾಚಿತ್ರಗಳನ್ನು ಹಿರಿಯರ ನೆನಪಿನ ಜೊತೆ ಹೋಲಿಸಿ, ಆ ಕಾಡನ್ನು ಬೆಳೆಸಿದ್ದು ಊರಿನವರೇ ಎಂದು ತೋರಿಸಿದರು.

ಮಾತಿಗೂ ತೂಕಕ್ಕೂ ತಾಳೆಯಾಗದಿದ್ದಾಗ ಮನೆಯವರು ಸುಳ್ಳು ಹೇಳಿದರೆಂದು ತಳ್ಳಿಹಾಕಬಾರದು. ಆ ಮರ ಕಡಿಯುವುದು ನಿಷಿದ್ಧವೇ, ದಂಡ ಯಾರು ಹಾಕುತ್ತಾರೆ, ಬಡವರ ಮನೆಗೆ ಬೇರೆ ದಾರಿ ಇದೆಯೇ ಎಂದು ಅದೇ ವಾರ ಮತ್ತೆ ಹೋಗಿ ಕೇಳುತ್ತೇನೆ. ಹೀಗೆ ಬಂದ ಉತ್ತರಗಳ ಪುಸ್ತಕದಲ್ಲಿ ಹೆಸರಿರುವುದಿಲ್ಲ, ಮನೆಯ ಸಂಕೇತಸಂಖ್ಯೆ ಮಾತ್ರ. ಸಂಖ್ಯೆಗೂ ಹೆಸರಿಗೂ ಕೊಂಡಿಯಾದ ಹಾಳೆ ಬೇರೆಡೆ ಬೀಗದಲ್ಲಿರುತ್ತದೆ. ದೇವರ ಕಾಡು, ಅಪರೂಪದ ಔಷಧಿ ಗಿಡ ಇರುವ ಜಾಗಗಳ ಜಿಪಿಎಸ್ ಅಂಕಿಗಳನ್ನು ಊರಿನವರ ಒಪ್ಪಿಗೆಯಿಲ್ಲದೆ ಪ್ರಕಟಿಸುವ ನಕ್ಷೆಯಲ್ಲಿ ಹಾಕುವುದಿಲ್ಲ.