ವಿಜಯಪುರ, ಬಾದಾಮಿ ನೋಡಲು ಪ್ಯಾಕೇಜ್ ಬೇಕೇ? ದುಡ್ಡು ಕೊಡುವ ಮೊದಲು ಹಾಕಬೇಕಾದ ಲೆಕ್ಕ

ವಿಜಯಪುರ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದವರಿಗೆ ಟಾಂಗಾದವರು, ಆಟೋದವರು ಹೇಳುವ ಮೊದಲ ಮಾತು ಒಂದೇ: "ಎಲ್ಲಾ ಪಾಯಿಂಟ್ ತೋರಸ್ತೀವಿ ಬರ್ರಿ." ಟ್ರಾವೆಲ್ಸ್‌ನವರು ಇದನ್ನೇ ಪ್ಯಾಕೇಜ್ ಅಂತ ಕರೆದು ಪ್ರವೇಶ, ಊಟ, ಗೈಡ್ ಎಲ್ಲ ಸೇರಿಸಿ ತಲೆಗೆ ಇಷ್ಟು ಅಂತ ಮಾರುತ್ತಾರೆ. ದೊಡ್ಡ ದೊಡ್ಡ ದೇಶಗಳ ಊರುಗಳಲ್ಲಿ ಸಿಗುವ ಸಿಟಿ ಪಾಸ್‌ಗೂ ಇದಕ್ಕೂ ಬುಡದಲ್ಲಿ ವ್ಯತ್ಯಾಸವಿಲ್ಲ: ಹಲವು ಖರ್ಚನ್ನು ಒಂದೇ ಗಂಟು ಕಟ್ಟಿ ಕೊಡುತ್ತಾರೆ. ಗಂಟು ಬಿಚ್ಚಿ ಒಂದೊಂದನ್ನೇ ಬೇರೆ ಇಟ್ಟು ನೋಡಿದರೆ ಲಾಭವೋ ನಷ್ಟವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೊದಲು ಪ್ರವೇಶ ಶುಲ್ಕ ಬೇರೆ ಇಡಿ. ನಮ್ಮ ಕಡೆ ಇದು ಬಹಳ ಸಣ್ಣ ಮೊತ್ತ. ವಿಜಯಪುರದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಟಿಕೆಟ್ ಇಟ್ಟಿರುವುದು ಮುಖ್ಯವಾಗಿ ಎರಡು ಕಡೆ, ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾ. 2018ರ ಪರಿಷ್ಕರಣೆಯ ಪ್ರಕಾರ ಭಾರತೀಯರಿಗೆ ತಲೆಗೆ 25 ರೂಪಾಯಿ, ನಗದು ಬಿಟ್ಟು ಆನ್‌ಲೈನ್ ಕಟ್ಟಿದರೆ 20. ಮಲಿಕ್ ಎ ಮೈದಾನ್ ತೋಪು, ಉಪ್ಪಲಿ ಬುರುಜು, ಬಾರಾ ಕಮಾನ್, ಗಗನ ಮಹಲ್, ಜುಮ್ಮಾ ಮಸೀದಿ ಇವೆಲ್ಲ ಪುಕ್ಕಟೆ. ಬಾದಾಮಿ ಗುಹೆಗಳಿಗೆ 25, ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ 25. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣವಾದ್ದರಿಂದ ಅಲ್ಲಿ 40, ಆನ್‌ಲೈನ್ ಆದರೆ 35. ಐಹೊಳೆಯ ರಾವಣಫಡಿ ಗುಹೆಗಾಗಲಿ, ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಮೇಗುತಿ ಗುಡ್ಡಕ್ಕಾಗಲಿ ಟಿಕೆಟ್ ಇಲ್ಲ. ವಸ್ತುಸಂಗ್ರಹಾಲಯಗಳಿಗೆ 5 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವೇ ಇಲ್ಲ.

ಅಪ್ಪ, ಅವ್ವ, ಅಜ್ಜಿ, 17ರ ಮಗ, 12ರ ಮಗಳು ಇರುವ ಮನೆ ಅಂತ ಇಟ್ಟುಕೊಳ್ಳಿ. ಟಿಕೆಟ್ ಬೇಕಾದವರು ನಾಲ್ವರೇ. ವಿಜಯಪುರಕ್ಕೆ 200 ರೂಪಾಯಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರಕ್ಕೂ ಸೇರಿ 360. ಆನ್‌ಲೈನ್ ಆದರೆ 160 ಮತ್ತು 300. "ಎಂಟ್ರಿ ಫೀ ಎಲ್ಲಾ ನಮ್ದೇ" ಅನ್ನುವ ಮಾತಿನ ಬೆಲೆ ಇಷ್ಟೇ. ಅದಕ್ಕೆ ಮರುಳಾಗಬೇಡಿ. ಪ್ಯಾಕೇಜ್‌ನವರು 12ರ ಮಗಳಿಗೂ ಪೂರ್ತಿ ಸೀಟಿನ ದರ ಹಿಡಿದಿದ್ದರೆ ಈ ಮಾತಿಗೆ ಇದ್ದ ಬೆಲೆಯೂ ಹೋಯಿತು.

ಮನೆಗೆ ಪರದೇಶದ ಪಾಸ್‌ಪೋರ್ಟ್ ಇರುವ ನೆಂಟರು ಬಂದಿದ್ದರೆ ಮಾತ್ರ ಪ್ರವೇಶ ಶುಲ್ಕ ನಿಜಕ್ಕೂ ಭಾರ. 25ರ ಜಾಗದಲ್ಲಿ 300, ಪಟ್ಟದಕಲ್ಲಿಗೆ 600. ಅವರ ಬಳಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಭಾರತೀಯರ ದರವೇ ಸಲ್ಲುತ್ತದೆ. ಆದರೆ ಕಾರ್ಡ್ ಕೈಯಲ್ಲಿರಬೇಕು, ಮನೆಯ ಕಪಾಟಿನಲ್ಲಿದ್ದರೆ ಕೌಂಟರಿನವರು ಒಪ್ಪುವುದಿಲ್ಲ.

ಉಳಿದದ್ದು ಗಾಡಿ. ಪ್ಯಾಕೇಜಿನ ನಿಜವಾದ ಬೆಲೆ ಇಲ್ಲೇ ಇದೆ, ಹೆಚ್ಚಿನವರು ನೋಡದೆ ಬಿಡುವುದೂ ಇಲ್ಲೇ. ವಿಜಯಪುರದಿಂದ ಬಾದಾಮಿ ಸುಮಾರು 120 ಕಿ.ಮೀ., ಬಾದಾಮಿಯಿಂದ ಪಟ್ಟದಕಲ್ಲು 22, ಅಲ್ಲಿಂದ ಐಹೊಳೆ ಹದಿಮೂರು ಹದಿನಾಲ್ಕು. ಸುತ್ತಿ ವಾಪಸ್ ಬರುವಷ್ಟರಲ್ಲಿ ಮುನ್ನೂರರ ಹತ್ತಿರ ಹೋಗುತ್ತದೆ. ಬಾಡಿಗೆ ಕಾರಿನವರು ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಹಿಡಿಯುತ್ತಾರೆ. ಅದರ ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಬೇರೆ. ಕಿಲೋಮೀಟರ್ ಎಣಿಕೆ ಮಾಲೀಕರ ಶೆಡ್ಡಿನಿಂದ ಶುರುವೋ ನಿಮ್ಮ ಬಾಗಿಲಿನಿಂದ ಶುರುವೋ ಅಂತ ಕೇಳಿಯೇ ಮುಂಗಡ ಕೊಡಿ.

ಲೆಕ್ಕ ಹೇಗೆ ತಿರುಗುತ್ತದೆ ನೋಡಿ. ಕೆಳಗಿನ ದರಗಳು ವಿಧಾನ ತೋರಿಸಲಿಕ್ಕೆ ಹಾಕಿಕೊಂಡವು, ಆ ಜಾಗದಲ್ಲಿ ನಿಮಗೆ ಹೇಳಿದ ದರ ಹಾಕಿ. ಬಾದಾಮಿ ಸುತ್ತಿನ ಪ್ಯಾಕೇಜ್ ತಲೆಗೆ 1,500. ಸಣ್ಣ ಕಾರು ಕಿ.ಮೀ.ಗೆ 13ರಂತೆ 300 ಕಿ.ಮೀ.ಗೆ 3,900, ಬಾಟಾ 400, ಟೋಲ್ ಪಾರ್ಕಿಂಗ್ 200, ಒಟ್ಟು 4,500. ಪ್ರವೇಶ ತಲೆಗೆ 90, ಊಟ 150.

ದೊಡ್ಡವರು ಇಬ್ಬರೇ ಇದ್ದರೆ: ಪ್ಯಾಕೇಜ್ 3,000, ಕಾರು 4,980. ಪ್ಯಾಕೇಜ್ ತಗೊಳ್ಳಿ.
ಮೂವರು: 4,500ಕ್ಕೆ 5,220. ಈಗಲೂ ಪ್ಯಾಕೇಜೇ ಸೋವಿ.
ನಾಲ್ವರು: 6,000ಕ್ಕೆ 5,460. ಇಲ್ಲಿ ಕಾರು ಗೆದ್ದಿತು.

ಐದನೆಯವರು ಬಂದ ಕೂಡಲೆ ಮತ್ತೆ ಕೆಡುತ್ತದೆ. ಸಣ್ಣ ಕಾರಿನಲ್ಲಿ ಡ್ರೈವರ್ ಬಿಟ್ಟು ನಾಲ್ಕೇ ಜನ, ಆದ್ದರಿಂದ ಏಳು ಸೀಟಿನ ಗಾಡಿ ಬೇಕು. ಕಿ.ಮೀ.ಗೆ 18 ಅಂದುಕೊಂಡರೆ 5,400, ಬಾಟಾ ಟೋಲ್ ಸೇರಿ 6,000. ನಮ್ಮ ಐವರ ಮನೆಗೆ ಪ್ರವೇಶ 360, ಊಟ 750 ಕೂಡಿಸಿದರೆ 7,110, ಪ್ಯಾಕೇಜ್ 7,500. 390 ರೂಪಾಯಿ ಹೆಚ್ಚು ಅಂತ ಪ್ಯಾಕೇಜ್ ಬಿಡುವುದಕ್ಕಿಂತ, ಅಜ್ಜಿಯ ಮಂಡಿಗೆ ತಕ್ಕ ಹಾಗೆ ನಿಲ್ಲಿಸುವ ಸ್ವಂತ ಗಾಡಿ ಬೇಕೋ ಬೇಡವೋ ಅನ್ನುವುದರ ಮೇಲೆ ತೀರ್ಮಾನ ಮಾಡಿ.

ಮೂರನೆಯ ದಾರಿಯನ್ನು ಪ್ಯಾಕೇಜ್‌ನವರು ಯಾರೂ ಹೇಳುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ರಾಜಹಂಸ, ಎಸಿ, ಸ್ಲೀಪರ್ ಇದರಲ್ಲಿ ಬರುವುದಿಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ಜೊತೆಗಿರಲಿ. ಮೇಲಿನ ಮನೆಯಲ್ಲಿ ಅವ್ವ, ಅಜ್ಜಿ, ಮಗಳು ಮೂವರೂ ಪುಕ್ಕಟೆ, ದುಡ್ಡು ಕೊಡುವವರು ಅಪ್ಪ, ಮಗ ಇಬ್ಬರೇ. ಬಾದಾಮಿವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಪಟ್ಟದಕಲ್ಲು, ಐಹೊಳೆ ಸುತ್ತಿಗೆ ಸುಮಾರು 70 ಕಿ.ಮೀ. ಲೋಕಲ್ ಗಾಡಿ ಮಾಡಿಕೊಂಡರೆ ಖರ್ಚು ಬಹಳ ಇಳಿಯುತ್ತದೆ. ರೈಲೂ ಇದೆ. ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಒಂದೇ ಮಾರ್ಗ. ಆದರೆ ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ, ಆ ಆಟೋ ಬಾಡಿಗೆಯನ್ನೂ ಸೇರಿಸಿಕೊಳ್ಳಿ. ಈ ದಾರಿಯಲ್ಲಿ ಒಂದು ರಾತ್ರಿ ಬಾದಾಮಿಯಲ್ಲಿ ಉಳಿಯುವುದು ಒಳ್ಳೆಯದು. ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಬಸ್ಸಿನ ವೇಳೆಗೆ ಹೆದರುತ್ತಲೇ ಗುಡಿ ನೋಡಬೇಕಾಗುತ್ತದೆ.

ಊಟ ಸೇರಿದ ಪ್ಯಾಕೇಜ್ ನಮ್ಮ ಪ್ರಕಾರ ಬೇಡ. ಬಾದಾಮಿಯಿಂದ 5 ಕಿ.ಮೀ. ದೂರದ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ಅದನ್ನು ಬಿಟ್ಟು ಹೆದ್ದಾರಿ ಹೋಟೆಲಿನಲ್ಲಿ ಕೂರಿಸುವ ಪ್ಯಾಕೇಜಿಗೆ ಊಟದ ದುಡ್ಡು ಕೊಟ್ಟು ಪ್ರಯೋಜನವಿಲ್ಲ. ಗೈಡ್ ವಿಷಯದಲ್ಲೂ ಎಚ್ಚರ: ಗೈಡ್ ಶುಲ್ಕ ಗುಂಪಿಗೆ ಇಷ್ಟು ಅಂತ ಇರುತ್ತದೆ, ತಲೆಗೆ ಇಷ್ಟು ಅಂತ ಅಲ್ಲ. ಪ್ಯಾಕೇಜಿನಲ್ಲಿ ಅದನ್ನು ತಲೆಲೆಕ್ಕದಲ್ಲಿ ಹಿಡಿದಿದ್ದಾರೋ ಕೇಳಿ. ಗುರುತಿನ ಚೀಟಿ ಇರುವ ಗೈಡನ್ನು ಬಾದಾಮಿ ಗುಹೆಗಳಿಗೆ ಮಾಡಿಕೊಂಡರೆ ಕೊಟ್ಟ ದುಡ್ಡು ಸಾರ್ಥಕ. ಚಾಲುಕ್ಯರ ಮಂಗಳೇಶ ಮಾಡಿಸಿದ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಹೇಳುವವರಿಲ್ಲದೆ ನೋಡಿದರೆ ಅರ್ಧ ನೋಡಿದಂತೆ.

ದುಡ್ಡಿನ ಲೆಕ್ಕ ಆಯಿತು. ಗಡಿಯಾರದ ಲೆಕ್ಕ ಇದಕ್ಕಿಂತ ಮುಖ್ಯ. ಪ್ಯಾಕೇಜ್ ಚೀಟಿಯಲ್ಲಿ 12 ಪಾಯಿಂಟ್ ಬರೆದಿದ್ದರೆ ಒಂದೊಂದರ ಮುಂದೆ ನಿಮಿಷ ಬರೆಯಿರಿ. ಗೋಳಗುಮ್ಮಟ, ಮೆಟ್ಟಿಲು ಹತ್ತಿ ಇಳಿದು ವಸ್ತುಸಂಗ್ರಹಾಲಯ ಸೇರಿ, ಎರಡು ತಾಸು. ಮೂಲೆಯ ಗೋಪುರದ ಮೆಟ್ಟಿಲು ಇಕ್ಕಟ್ಟು, ಎತ್ತರ, ಏಳು ಅಂತಸ್ತು. ಅಜ್ಜಿ ಕೆಳಗೆ ಕೂತರೆ ಅವರ ಜೊತೆ ಒಬ್ಬರು ಇರಬೇಕು, ಅಂದರೆ ಎರಡು ಸರದಿಯಲ್ಲಿ ಹತ್ತಬೇಕು, ಇನ್ನರ್ಧ ತಾಸು ಸೇರಿಸಿ. ಇಬ್ರಾಹಿಂ ರೋಜಾ ಒಂದು ತಾಸು. ತೋಪು, ಉಪ್ಪಲಿ ಬುರುಜು ಸೇರಿ ಮುಕ್ಕಾಲು. ಜುಮ್ಮಾ ಮಸೀದಿ ಅರ್ಧ, ಶುಕ್ರವಾರವಾದರೆ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟು. ಬಾರಾ ಕಮಾನ್, ಗಗನ ಮಹಲ್ ಹತ್ತಿರ ಹತ್ತಿರ ಇವೆ, ನಡೆದೇ ಮುಗಿಸಬಹುದು. ಊರಿನ ಪೂರ್ವಕ್ಕೆ ಗುಮ್ಮಟ, ಪಶ್ಚಿಮಕ್ಕೆ ರೋಜಾ. ಊಟ, ಓಡಾಟ ಸೇರಿಸಿದರೆ ಆರೇಳು ಜಾಗಕ್ಕೆ ದಿನ ಮುಗಿಯಿತು. ಉಳಿದ ಐದು ಪಾಯಿಂಟಿಗೆ ಗಾಡಿಯಿಂದ ಇಳಿಯುವುದೂ ಇಲ್ಲ, "ಅಕಾ ನೋಡ್ರಿ, ಅದ" ಅಂತ ಬೆರಳು ತೋರಿಸಿದರೆ ಅದೂ ಒಂದು ಪಾಯಿಂಟ್ ಅನ್ನಿಸಿಕೊಳ್ಳುತ್ತದೆ.

ಗುಮ್ಮಟವಂತೂ ಬೆಳಗ್ಗೆ 6ಕ್ಕೇ ತೆರೆಯುತ್ತದೆ. ಪಿಸುಮಾತಿನ ಗ್ಯಾಲರಿಯ ಸೊಗಸು ಇರುವುದೇ ನಿಶ್ಶಬ್ದದಲ್ಲಿ. ಸುಮಾರು 38 ಮೀಟರ್ ಅಗಲದ ಗುಮ್ಮಟದ ಆಚೆ ಬದಿಯಲ್ಲಿ ಗೋಡೆಗೆ ಬಾಯಿ ಇಟ್ಟು ಮೆಲ್ಲಗೆ ಆಡಿದ ಮಾತು ಈಚೆ ಬದಿಗೆ ಕೇಳಬೇಕು. ಹತ್ತು ಗಂಟೆಗೆ ಹೋದರೆ, ಅದರಲ್ಲೂ ನವೆಂಬರ್‌ನಿಂದ ಜನವರಿವರೆಗೆ, ಶಾಲಾ ಪ್ರವಾಸದ ಮಕ್ಕಳ ಕೂಗು ಏಳೇಳು ಸಲ ಮರುದನಿಸಿ ಏನೂ ಕೇಳುವುದಿಲ್ಲ. ಒಂಬತ್ತೂವರೆಗೆ ಹೊರಡುವ ಪ್ಯಾಕೇಜ್ ಎಷ್ಟೇ ಸೋವಿಯಾಗಿದ್ದರೂ ಈ ಒಂದು ಕಾರಣಕ್ಕೆ ಅದನ್ನು ಬಿಡಬಹುದು. ಸ್ಟೇಷನ್ನಿನಿಂದ ಗುಮ್ಮಟ ನಡೆದುಹೋಗುವಷ್ಟು ಹತ್ತಿರ, ಬೆಳಗ್ಗೆ ಅದನ್ನು ನೀವೇ ನೋಡಿ ಮುಗಿಸಿ. ಆಮೇಲೆ ನೀವು ನೋಡಬೇಕೆಂದಿರುವ ಉಳಿದ ಜಾಗಗಳ ಹೆಸರು ಹೇಳಿ, ಕಾಯುವ ಹೊತ್ತೂ ಸೇರಿ ಎಷ್ಟು ಅಂತ ಮಾತಾಡಿ ಆಟೋ ಅಥವಾ ಟಾಂಗಾ ಮಾಡಿ. ಶುಕ್ರವಾರ ಬೇಡ, ಅಂದು ಗೋಳಗುಮ್ಮಟ, ಬಾದಾಮಿ, ಐಹೊಳೆ ಮೂರೂ ಕಡೆ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ.

ಬಾದಾಮಿ ಸುತ್ತಿನಲ್ಲಿ ಮಹಾಕೂಟ, ಕೂಡಲಸಂಗಮವನ್ನೂ ಅದೇ ದಿನಕ್ಕೆ ಸೇರಿಸಿದವರಿದ್ದಾರೆ. ಅದರಲ್ಲಿ ಕೊಯ್ದು ಹಾಕುವುದು ಯಾವಾಗಲೂ ಐಹೊಳೆಯನ್ನೇ, ಯಾಕೆಂದರೆ ಅದು ಕೊನೆಗೆ ಬರುತ್ತದೆ, ಸಂಜೆ 6ಕ್ಕೆ ಗೇಟು ಮುಚ್ಚುತ್ತದೆ. ನಾಲ್ಕು ಗಂಟೆಯೊಳಗೆ ಐಹೊಳೆ ಮುಟ್ಟಿಸುತ್ತೇವೆ ಅಂತ ಬರೆದುಕೊಡುವವರಿಗಷ್ಟೇ ದುಡ್ಡು ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಪಟ್ಟದಕಲ್ಲಿನ ಹಾಸುಗಲ್ಲು ಕಾದ ಹಂಚಿನಂತೆ ಸುಡುತ್ತದೆ. ಪೂಜೆ ನಡೆಯುವ ವಿರೂಪಾಕ್ಷ ಗುಡಿಗೆ ಚಪ್ಪಲಿ ಬಿಟ್ಟೇ ಹೋಗಬೇಕು, ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ಬೆಳಗಾವಿಗೆ ಇಂಥ ಲೆಕ್ಕವೇ ಬೇಡ. ಕೋಟೆಯ ಕಮಲ ಬಸದಿಗೂ ಟಿಕೆಟ್ ಇಲ್ಲ, ಗೋಕಾಕ ಜಲಪಾತಕ್ಕೂ ಇಲ್ಲ. ಅಲ್ಲಿ ಕೊಡುವುದು ಗಾಡಿಯ ಬಾಡಿಗೆಯನ್ನಷ್ಟೇ, ಅದೂ ಮಳೆಗಾಲದಲ್ಲಿ ನೀರಿದ್ದಾಗ.

ಒಂದೇ ಟಿಕೆಟಿಗೆ ಹಲವು ಜಾಗ ಅನ್ನುವ ನಿಜವಾದ ಪಾಸ್ ಹತ್ತಿರದಲ್ಲಿ ನೋಡಬೇಕಾದರೆ ಹಂಪಿಗೆ ಹೋಗಬೇಕು. ವಿಜಯ ವಿಠ್ಠಲ ಗುಡಿಯ 40 ರೂಪಾಯಿ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಎಷ್ಟೋ ಜನ ವಿಠ್ಠಲ ಗುಡಿಯಿಂದ ಹೊರಬರುತ್ತಲೇ ಚೀಟಿ ಎಸೆದು ಮತ್ತೆ ಕೊಳ್ಳುತ್ತಾರೆ.

ಮಕ್ಕಳನ್ನು ನೋಡಲು ಲಂಡನ್, ಪ್ಯಾರಿಸ್ ಕಡೆ ಹೋಗುವ ಅಪ್ಪ ಅವ್ವಂದಿರಿಗೆ ಈ ಲೆಕ್ಕ ತಲೆಕೆಳಗು. ಅಲ್ಲಿ ಊರೊಳಗೆ ಓಡಾಡಲು ಮೆಟ್ರೋ, ಬಸ್ಸು ಇವೆ, ಕೈ ಸುಡುವುದು ಪ್ರವೇಶ ಶುಲ್ಕ. ಆದ್ದರಿಂದ ಪಾಸ್ ಲಾಭ ತರಬಹುದು, ಆದರೆ ಮೂರು ಕಡೆ ಎಡವುತ್ತಾರೆ. ಒಂದು, ಪುಕ್ಕಟೆ ಜಾಗಗಳು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಕಾಯಂ ಸಂಗ್ರಹ ನೋಡಲು ಯಾರಿಗೂ ಟಿಕೆಟ್ ಬೇಡ. ಪ್ಯಾರಿಸ್ಸಿನ ಸರಕಾರಿ ಮ್ಯೂಸಿಯಂಗಳಲ್ಲಿ 18ರೊಳಗಿನವರಿಗೆ ಬೇಡ, ಮೊಮ್ಮಕ್ಕಳಿಗೆ ಪಾಸ್ ಕೊಳ್ಳಬೇಡಿ. ಎರಡು, ದಿನ ಅಂದರೆ ಏನು ಅನ್ನುವುದು. ಪ್ಯಾರಿಸ್ ಮ್ಯೂಸಿಯಂ ಪಾಸ್ ಎರಡು, ನಾಲ್ಕು, ಆರು ದಿನಗಳದ್ದು, ಮೊದಲ ಬಾಗಿಲು ದಾಟಿದ ಗಳಿಗೆಯಿಂದ 48, 96, 144 ತಾಸು ಎಣಿಸುತ್ತಾರೆ. ಲಂಡನ್ ಪಾಸ್ ಎಣಿಸುವುದು ಕ್ಯಾಲೆಂಡರ್ ದಿನ. ಮಧ್ಯಾಹ್ನ ನಾಲ್ಕಕ್ಕೆ ಮೊದಲ ಸಲ ತೋರಿಸಿದರೆ ಆ ರಾತ್ರಿಗೇ ಒಂದು ದಿನ ಹೋಯಿತು. ಮೂರು, ಪಾಸ್ ಇದ್ದರೆ ಸಾಲದು. ಐಫೆಲ್ ಗೋಪುರ ಪ್ಯಾರಿಸ್ ಮ್ಯೂಸಿಯಂ ಪಾಸಿನಲ್ಲಿ ಇಲ್ಲವೇ ಇಲ್ಲ. ಲೂವ್ರ್ ಮ್ಯೂಸಿಯಂ ಇದೆ, ಆದರೆ ಪ್ರವೇಶದ ವೇಳೆಯನ್ನು ಬೇರೆ ಕಾಯ್ದಿರಿಸಬೇಕು, ಮಂಗಳವಾರ ಅದು ಮುಚ್ಚಿರುತ್ತದೆ. ಓರ್ಸೇ ಮ್ಯೂಸಿಯಂಗೆ ಸೋಮವಾರ ರಜೆ. ನೀವು ಅಲ್ಲಿರುವ ದಿನಗಳಲ್ಲಿ ಲೂವ್ರ್‌ಗೆ ವೇಳೆ ಸಿಗುತ್ತದೋ ಮೊದಲು ನೋಡಿ, ಆಮೇಲೆ ಪಾಸಿಗೆ ದುಡ್ಡು ಕಟ್ಟಿ.