ರೆಸ್ಟೊರೆಂಟ್ ಪದವಿಗೆ ಸೇರುತ್ತೀರಾ? ಮೊದಲು ತೂಕದ ಯಂತ್ರ ಕೊಳ್ಳಿ

ರೆಸ್ಟೊರೆಂಟ್, ಆಹಾರ ಮತ್ತು ಪಾನೀಯ ನಿರ್ವಹಣೆಯ ಪದವಿಗೆ ಬರುವ ಹುಡುಗ ಹುಡುಗಿಯರು ಅಡುಗೆ ಕಲಿಯುವ ಹುರುಪಿನಲ್ಲಿ ಬರುತ್ತಾರೆ. ಕಾಸ್ಟಿಂಗ್, ಅಂದರೆ ಅಸಲು ಲೆಕ್ಕದ ಪ್ರಶ್ನೆಪತ್ರಿಕೆ ಕೈಗೆ ಬಂದ ದಿನ ಮುಖ ಬಾಡುತ್ತದೆ. ಇವರ ಪ್ರಾಜೆಕ್ಟ್ ಫೈಲುಗಳನ್ನು ತಿದ್ದಿ ತಿದ್ದಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ತಪ್ಪು ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಥರ.

1. ಕೋರ್ಸ್ ಆರಿಸಿಕೊಳ್ಳುವುದು

ತರಬೇತಿ ಅಡುಗೆಮನೆ ಇದೆಯೇ, ಗಿರಾಕಿಗಳು ಬಂದು ಉಣ್ಣುವ ತರಬೇತಿ ರೆಸ್ಟೊರೆಂಟ್ ಇದೆಯೇ, ಇಂಟರ್ನ್‌ಶಿಪ್ ಎಷ್ಟು ತಿಂಗಳು? ಮೂರೇ ಪ್ರಶ್ನೆ. ಬ್ರೋಷರಿನ ಫೋಟೊಗಳನ್ನು ಪಕ್ಕಕ್ಕಿಡಿ.

2. ಸಾಮಾನು

ಎಂಟು ಇಂಚಿನ ಒಂದು ಶೆಫ್ ಚಾಕು, ಸಿಪ್ಪೆ ತೆಗೆಯಲು ಒಂದು ಸಣ್ಣ ಚಾಕು, ಜಾರದ ಮುಚ್ಚಿದ ಶೂ, ಒಂದು ಗ್ರಾಂವರೆಗೂ ತೋರಿಸುವ ಡಿಜಿಟಲ್ ತೂಕದ ಯಂತ್ರ. ಜೊತೆಗೆ ಆಹಾರದೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್, ಏಕೆಂದರೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ ಎಂಬ ಪಾಠ ಮೊದಲ ವಾರವೇ ಬರುತ್ತದೆ. ಮರದ ಪೆಟ್ಟಿಗೆಯಲ್ಲಿ ಬರುವ ಹದಿನೈದು ಚಾಕುಗಳ ಸೆಟ್ಟಿಗೆ ದುಡ್ಡು ಸುರಿಯಬೇಡಿ. ಅದರಲ್ಲಿ ಹದಿಮೂರು ಪೆಟ್ಟಿಗೆಯಿಂದ ಆಚೆಗೇ ಬರುವುದಿಲ್ಲ.

3. ಸರ್ವಿಸ್

ಟ್ರೇ ಮೇಲೆ ನೀರು ತುಂಬಿದ ಲೋಟಗಳನ್ನಿಟ್ಟು ದಿನಾ ಹತ್ತು ನಿಮಿಷ ಮನೆಯೊಳಗೆ ಓಡಾಡಿ. ಕೈ ತಾನಾಗಿ ಕಲಿಯುತ್ತದೆ.

4. ಒಂದು ಪ್ಲೇಟಿನ ಅಸಲು ಲೆಕ್ಕ

ಇಲ್ಲಿ ನಿಧಾನಿಸಿ. ಇಡೀ ಮೀನು ಕೊಂಡಿರಿ, ಕಿಲೋಗೆ 400 ಅಂದುಕೊಳ್ಳಿ. ಯಾವ ದೇಶದ ನಾಣ್ಯವಾದರೂ ಸರಿ. ಒಂದು ಪ್ಲೇಟಿಗೆ 180 ಗ್ರಾಂ ಫಿಲೆ, ಅಂದರೆ ಮುಳ್ಳು, ಚರ್ಮ ತೆಗೆದ ಮೀನಿನ ತುಂಡು ಬೇಕು. ವಿದ್ಯಾರ್ಥಿ ಕ್ಯಾಲ್ಕ್ಯುಲೇಟರ್ ಒತ್ತಿ 400ನ್ನು 0.18ರಿಂದ ಗುಣಿಸುತ್ತಾನೆ, 72 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಆ ಎರಡು ಗೆರೆ ಕಂಡರೆ ನನಗೆ ಮೈ ಉರಿಯುತ್ತದೆ.

ತಲೆ, ಮುಳ್ಳು, ಚರ್ಮ, ಹೊಟ್ಟೆಯೊಳಗಿನದ್ದು ಎಲ್ಲ ಎಲ್ಲಿಗೆ ಹೋಯಿತು? ಮೀನನ್ನು ಮೊದಲು ಇಡಿಯಾಗಿ ತೂಗಿ. ಬಿಡಿಸಿ, ತಟ್ಟೆಗೆ ಹೋಗುವ ಭಾಗವನ್ನು ಮಾತ್ರ ಮತ್ತೆ ತೂಗಿ. ಒಂದು ಕಿಲೋಗೆ 450 ಗ್ರಾಂ ಸಿಕ್ಕಿತು ಅನ್ನಿ, ಈಲ್ಡ್ (ಕೊಂಡದ್ದರಲ್ಲಿ ಬಳಕೆಗೆ ಸಿಗುವ ಪಾಲು) ಶೇ 45. ಈಗ 400ನ್ನು 0.45ರಿಂದ ಭಾಗಿಸಿ. ತಿನ್ನಲು ಸಿಗುವ ಒಂದು ಕಿಲೋದ ನಿಜವಾದ ಬೆಲೆ ಸುಮಾರು 889. ಅದರಲ್ಲಿ 180 ಗ್ರಾಂ ಅಂದರೆ 160. ಎಲ್ಲಿಯ 72, ಎಲ್ಲಿಯ 160! ಫುಡ್ ಕಾಸ್ಟ್, ಅಂದರೆ ಮಾರುವ ಬೆಲೆಯಲ್ಲಿ ಆಹಾರದ ಅಸಲಿನ ಪಾಲು, ಶೇ 32 ಇರಲಿ ಎಂದು ಬೆಲೆ ಕಟ್ಟಿದರೆ ಮೊದಲಿನವನು 225ಕ್ಕೆ ಮಾರುತ್ತಾನೆ, ಸರಿಯಾಗಿ ತೂಗಿದವನು 500ಕ್ಕೆ. 225ಕ್ಕೆ ಮಾರಿದವನಿಗೆ ಮೀನಿನ ಖರ್ಚೇ ಶೇ 71 ದಾಟುತ್ತದೆ. ಗ್ಯಾಸು, ಸಂಬಳ, ಬಾಡಿಗೆ ಅವನು ಯಾವ ಜೇಬಿನಿಂದ ಕೊಡುತ್ತಾನೋ.

ಆರ್ಡರ್ ಹಾಕುವಾಗ ಇನ್ನೊಂದು ಗುಂಡಿ. ನಲವತ್ತು ಪ್ಲೇಟಿಗೆ 7.2 ಕಿಲೋ ಫಿಲೆ ಬೇಕು. ‘ಶೇ 55 ವೇಸ್ಟ್ ಆಗುತ್ತಲ್ಲ, 55 ಸೇರಿಸಿದರಾಯಿತು’ ಎಂದು 11 ಕಿಲೋ ಚಿಲ್ಲರೆ ತರಿಸುತ್ತಾರೆ. ಬಿಡಿಸಿದ ಮೇಲೆ ಸಿಗುವುದು ಐದು ಕಿಲೋ, ಇಪ್ಪತ್ತೇಳು ಪ್ಲೇಟು. ಉಳಿದ ಹದಿಮೂರು ಮಂದಿ ಮೇಜಿನಲ್ಲಿ ಕಾಯುತ್ತಿರುತ್ತಾರೆ. ಇಲ್ಲಿಯೂ ಭಾಗಿಸಬೇಕು: 7.2ನ್ನು 0.45ರಿಂದ, 16 ಕಿಲೋ. ತರಬೇತಿ ರೆಸ್ಟೊರೆಂಟಿನಲ್ಲಿ ಒಮ್ಮೆ ಇದೇ ತಪ್ಪಾಗಿ, ಎಂಟೂವರೆಗೆ ಮೀನು ಖಾಲಿ ಆಗಿ, ಒಬ್ಬ ಹುಡುಗ ಸ್ಟೋರ್ ರೂಮಿನ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ.

180 ಗ್ರಾಂ ಎಂದರೆ ಹಸಿಯೋ ಬೆಂದದ್ದೋ ಎಂದು ರೆಸಿಪಿ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಬೆಂದಾಗ ನೀರು ಇಳಿದು ತೂಕ ಕುಗ್ಗುತ್ತದೆ. ಮುಳ್ಳಿನಿಂದ ಸ್ಟಾಕ್, ಅಂದರೆ ಸೂಪಿಗೆ ಬಳಸುವ ಸಾರ, ಕುದಿಸಿದರೆ ಅದರ ಬೆಲೆಯನ್ನು ಮೀನಿನ ಖರ್ಚಿನಿಂದ ಕಳೆಯಬಹುದು. ಮಾರಾಟ ಬೆಲೆಯಲ್ಲಿ ತೆರಿಗೆ ಸೇರಿದ್ದರೆ ಅದನ್ನು ತೆಗೆದ ಮೇಲೆಯೇ ಶೇಕಡಾ ಹಾಕಿ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ರೆಡಿಮೇಡ್ ಎಕ್ಸೆಲ್ ಶೀಟುಗಳನ್ನು ನಾನು ಒಪ್ಪುವುದಿಲ್ಲ. ಅವುಗಳಲ್ಲಿ ಈಲ್ಡ್ ಕಾಲಮ್ಮಿಗೆ ಮೊದಲೇ 100 ತುಂಬಿರುತ್ತದೆ, ಯಾರೂ ಅದನ್ನು ಮುಟ್ಟುವುದಿಲ್ಲ. ಹತ್ತು ರೆಸಿಪಿ ಕೈಯಲ್ಲೇ ಬರೆದು ಮಾಡಿ, ಆಮೇಲೆ ಎಕ್ಸೆಲ್.

ಬಾರಿನಲ್ಲಿಯೂ ಇದೇ ಕಥೆ. 750 ಎಂಎಲ್ ಬಾಟಲಿಯಲ್ಲಿ 30ರ ಪೆಗ್ಗು ಇಪ್ಪತ್ತೈದು. ಕೈಯಂದಾಜಿನಲ್ಲಿ 35 ಸುರಿದರೆ ಇಪ್ಪತ್ತೊಂದು. ಅಳತೆ ಕಪ್ ಬಳಸದ ಬಾರ್‌ಟೆಂಡರಿನ ಶೈಲಿ ನೋಡಿ ಮರುಳಾಗಬೇಡಿ.

5. ತಿಂಗಳ ಕೊನೆ

ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ, ಕೊನೆಯ ದಾಸ್ತಾನು ಕಳೆಯಿರಿ. ಸಿಬ್ಬಂದಿ ಉಂಡದ್ದನ್ನೂ ಕಳೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ. ಉಳಿದದ್ದನ್ನು ಆಹಾರ ಮಾರಾಟದಿಂದ ಭಾಗಿಸಿ. ರೆಸಿಪಿ ಕಾರ್ಡು ಶೇ 30 ಎನ್ನುತ್ತದೆ, ತಿಂಗಳ ಲೆಕ್ಕ 36 ಎನ್ನುತ್ತದೆ ಎಂದಾದರೆ ನಡುವಿನ ಆರರಲ್ಲಿ ಕೊಳೆತದ್ದು, ಕದ್ದದ್ದು, ಸೌಟು ತುಂಬಿ ಬಡಿಸಿದ್ದು ಎಲ್ಲ ಅಡಗಿರುತ್ತದೆ. ಸ್ಟೋರಿನ ಕಪಾಟು ಎಣಿಸದೆ ಹೋದ ತಿಂಗಳ ಅಂಕಿಯನ್ನೇ ನಕಲು ಮಾಡುವ ಶಾರ್ಟ್‌ಕಟ್ ಎಲ್ಲ ಕಡೆ ಇದೆ. ದಯವಿಟ್ಟು ಕಲಿಯಬೇಡಿ.

6. ಮೆನು ಎಂಜಿನಿಯರಿಂಗ್

ಮೆನುವಿನ ಯಾವ ತಿಂಡಿ ಎಷ್ಟು ಓಡುತ್ತದೆ, ಎಷ್ಟು ಹಣ ಉಳಿಸುತ್ತದೆ ಎಂದು ಅಳೆಯಲು 1982ರಲ್ಲಿ ಮೈಕೆಲ್ ಕಸವಾನ ಮತ್ತು ಡೊನಾಲ್ಡ್ ಸ್ಮಿತ್ ಮುಂದಿಟ್ಟ ವಿಧಾನ. ಮೆನುವಿನ ಒಂದು ವಿಭಾಗದಲ್ಲಿ ಹತ್ತು ತಿಂಡಿಗಳಿದ್ದರೆ ಮಾರಾಟವಾದ ಒಟ್ಟು ಪ್ಲೇಟುಗಳಲ್ಲಿ ಪ್ರತಿಯೊಂದರ ಸಮಪಾಲು ಶೇ 10. ಅದರ ಶೇ 70, ಅಂದರೆ ಶೇ 7ರ ಕೆಳಗೆ ಮಾರಾಟವಾದದ್ದು ಜನಪ್ರಿಯವಲ್ಲ. ಇನ್ನೊಂದು ಅಳತೆ, ಬೆಲೆಯಲ್ಲಿ ಅಸಲು ಕಳೆದು ಉಳಿಯುವ ಹಣ. ಎರಡೂ ಹೆಚ್ಚಿದ್ದರೆ ಸ್ಟಾರ್, ಎರಡೂ ಕಡಿಮೆ ಇದ್ದರೆ ಡಾಗ್. ಮೇಲಿನ ಮೀನಿನ ಪ್ಲೇಟು ಶೇ 32 ಖರ್ಚಿನಲ್ಲಿ 340 ಉಳಿಸುತ್ತದೆ. 200ಕ್ಕೆ ಮಾರುವ ಶೇ 20ರ ಸೂಪು 160 ಮಾತ್ರ. ಶೇಕಡಾ ಕಡಿಮೆ ಇದೆ ಎಂದು ಸೂಪನ್ನೇ ಹೊಗಳಿ ಪುಟಗಟ್ಟಲೆ ಬರೆಯುವವರು ಇದನ್ನೊಮ್ಮೆ ನೋಡಲಿ. ನೆನಪಿರಲಿ, ಅಸಲು ತಪ್ಪಿದ್ದರೆ ಡಾಗ್ ಕೂಡ ಸ್ಟಾರ್ ಆಗಿ ಕಾಣುತ್ತದೆ.

7. ಇಂಟರ್ನ್‌ಶಿಪ್

ಎಲ್ಲರೂ ಶೆಫ್ ಪಕ್ಕ ನಿಲ್ಲಲು ಮುಗಿಬೀಳುತ್ತಾರೆ. ನೀವು ಮೊದಲ ಎರಡು ವಾರ ಸರಕು ಇಳಿಸಿಕೊಳ್ಳುವ ಬಾಗಿಲಲ್ಲಿ ಡ್ಯೂಟಿ ಕೇಳಿ. ಬೆಳಗಿನ ಜಾವವೇ ಏಳಬೇಕು, ಕೈಗೆ ಮೀನಿನ ವಾಸನೆ ಹತ್ತುತ್ತದೆ, ಫೋಟೊ ಚೆನ್ನಾಗಿ ಬರುವುದಿಲ್ಲ. ಪೆಟ್ಟಿಗೆಯ ತೂಕ, ಐಸಿನ ತೂಕ ಕಳೆದ ಮೇಲಿನ ತೂಕ, ಬಿಲ್ಲಿನಲ್ಲಿ ಬರೆದ ತೂಕ ಮೂರನ್ನೂ ಜೇಬಿನ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾನು ಫೈಲು ತೆರೆಯುವ ಮೊದಲು ಕೇಳುವುದು ಆ ಪುಸ್ತಕವನ್ನೇ.