ವೆಟ್‌ಸೂಟ್ ಕೊಳ್ಳುವಾಗ ಏನು ನೋಡಬೇಕು?

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಅದನ್ನು ತಡೆಯಲು ಡೈವಿಂಗ್‌ನಲ್ಲಿ ಹಾಕುವ ಮೈಗಂಟುವ ರಬ್ಬರ್ ಉಡುಪೇ ವೆಟ್‌ಸೂಟ್. ಅದಕ್ಕೇ ಡೈವಿಂಗ್ ಕಲಿಯಲು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಬಣ್ಣ ಆಮೇಲೆ, ಮೊದಲು ಸೂಟ್ ಹಾಕಿ ನೋಡಿ. ಕುತ್ತಿಗೆ, ಕಂಕುಳು, ಸೊಂಟದ ಹಿಂಭಾಗ ಸಡಿಲವಿದ್ದರೆ ತಣ್ಣೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಆಗ ಎಷ್ಟು ದುಡ್ಡು ಸುರಿದರೂ ದಂಡ.

27 ಡಿಗ್ರಿ ಆಸುಪಾಸಿನ ನೀರಿಗೆ 3 ಮಿ.ಮೀ. ದಪ್ಪದ ಸೂಟ್ ಸಾಕು. 20ರ ಹತ್ತಿರ 5, 15ಕ್ಕೆ 7. ಚಳಿ ಜಾಸ್ತಿ ಆಗುವವರು ಇನ್ನೂ ದಪ್ಪದ್ದು ತೆಗೆದುಕೊಳ್ಳಿ.

ಸೂಟ್ ಮಾಡುವ ರಬ್ಬರ್ ನಿಯೋಪ್ರೀನ್. ಅದರ ಒಳಗಿನ ಸಣ್ಣ ಸಣ್ಣ ಗುಳ್ಳೆಗಳೇ ನಮ್ಮನ್ನು ಬೆಚ್ಚಗಿಡುವುದು. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟಾಗುತ್ತದೆ. ಗುಳ್ಳೆ ಕುಗ್ಗಿ ಸೂಟ್ ತೆಳ್ಳಗಾಗುತ್ತದೆ. ಈಗಿನ ಹಿಗ್ಗುವ ನಿಯೋಪ್ರೀನ್ ನನಗೆ ತುಂಬಾ ಇಷ್ಟ, ಭುಜ ಸಲೀಸಾಗಿ ಆಡುತ್ತದೆ. ಆದರೆ ತೀರಾ ಮೆತ್ತಗಿರುವುದು ಆಳದಲ್ಲಿ ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಭುಜದಲ್ಲಿ ಮೆತ್ತಗೆ, ಎದೆ ಬೆನ್ನಲ್ಲಿ ದಪ್ಪಗೆ ಇರುವುದನ್ನು ಹುಡುಕಿ.

ಮೈಯ ಬಿಸಿಯನ್ನು ವಾಪಸ್ ಕಳಿಸುತ್ತದೆ ಎನ್ನುವ ಹೊಳೆಯುವ ಟೈಟಾನಿಯಂ ಲೋಹದ ಪದರ ಇದೆ ಅಂತ ಸುಮ್ನೆ ಹೆಚ್ಚು ಹಣ ಕೊಡಬೇಡಿ. ನೀರಿನಲ್ಲಿ ಬಿಸಿ ಹೋಗುವುದು ಮುಖ್ಯವಾಗಿ ನೀರು ಸೋಕುವುದರಿಂದ, ಹೊಳಪು ಅದನ್ನು ತಡೆಯುವುದಿಲ್ಲ. ಆ ಹಣವನ್ನು ಹೊಲಿಗೆಗೆ ಹಾಕಿ. ತುಂಡುಗಳನ್ನು ಅಂಟಿಸಿ, ಸೂಜಿ ಆಚೆ ಬದಿಗೆ ದಾಟದಂತೆ ಹೊಲಿದಿರಬೇಕು. ಡೈವ್ ಮುಗಿದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಿ.